ಇಶ್ಯೂ ರಿಜಿಸ್ಟರ್ ಯಾರದು? ಸಕಲೇಶಪುರ ಸೀಮೆಯ ಪಂಚಾಯಿತಿ ಗ್ರಂಥಾಲಯದ ಒಂದು ಪ್ರಕರಣ

ಸಕಲೇಶಪುರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯ. ಪಂಚಾಯಿತಿ ಕಚೇರಿಗೆ ಅಂಟಿಕೊಂಡ ಒಂದೇ ಕೋಣೆ, ಆರು ಕಬ್ಬಿಣದ ರ‍್ಯಾಕು, ಎರಡು ಉದ್ದನೆಯ ಮೇಜು, 3,200 ಪುಸ್ತಕ, 260 ಸದಸ್ಯರು. ಮೇಲ್ವಿಚಾರಕಿ ಅದೇ ಊರಿನ ಸೊಸೆ. ಗ್ರಂಥಾಲಯ ವಿಜ್ಞಾನದ ಸರ್ಟಿಫಿಕೇಟ್ ಕೋರ್ಸ್ ಮುಗಿಸಿ ಕೆಲಸಕ್ಕೆ ಸೇರಿ ಏಳು ವರ್ಷ. ಊರಿನವರ ಬಾಯಲ್ಲಿ ಆಕೆ ‘ಪೇಪರ್ ಮೇಡಂ’, ಅಂದರೆ ಬೆಳಿಗ್ಗೆ ಬಾಗಿಲು ತೆಗೆದು ಪತ್ರಿಕೆ ಹರಡಿ ಸಂಜೆ ಬೀಗ ಹಾಕುವವಳು.

ಇದು ಯಾವುದೋ ಒಂದು ಊರಿನ ವರದಿಯಲ್ಲ. ಮಲೆನಾಡಿನ ಸಣ್ಣ ಗ್ರಂಥಾಲಯಗಳಲ್ಲಿ ಮತ್ತೆ ಮತ್ತೆ ಎದುರಾಗುವುದನ್ನು ತರಬೇತಿಯ ಚರ್ಚೆಗೆಂದು ಒಂದೆಡೆ ಕೂಡಿಸಿ ಕಟ್ಟಿದ ಪ್ರಕರಣ. ಪುಸ್ತಕ, ಸದಸ್ಯರ ಲೆಕ್ಕವೂ ಆ ಅಳತೆಯ ಗ್ರಂಥಾಲಯಕ್ಕೆ ಹೊಂದುವಂತೆ ಇಟ್ಟದ್ದು. ಕಾನೂನು ಮತ್ತು ಕೆಲಸದ ಪದ್ಧತಿ ಮಾತ್ರ ಇದ್ದದ್ದು ಇದ್ದ ಹಾಗೆ.

ನಡೆದದ್ದು

ಆಷಾಢದ ಮಧ್ಯಾಹ್ನ. ಮೂರು ದಿನದಿಂದ ಮಳೆ ಬಿಟ್ಟಿಲ್ಲ. ಕೆಳಗಿನ ರ‍್ಯಾಕಿನ ಪುಸ್ತಕಗಳ ಬೆನ್ನಿಗೆ ಬೂದಿಬಣ್ಣದ ಬೂಷ್ಟು ಹಿಡಿದಿದೆ. ಮೇಲ್ವಿಚಾರಕಿ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಂದೊಂದೇ ಪುಸ್ತಕವನ್ನು ಕಿಟಕಿಯ ಹತ್ತಿರ ಒಯ್ದು ಒಣ ಬ್ರಷ್‌ನಿಂದ ಹೊರಮುಖವಾಗಿ ಉಜ್ಜುತ್ತಿದ್ದಾರೆ. ಒದ್ದೆ ಬಟ್ಟೆ ಮುಟ್ಟಿಸಿದರೆ ಬೂಷ್ಟು ಕಾಗದದೊಳಕ್ಕೆ ಇಳಿಯುತ್ತದೆ ಎಂಬುದು ಅವರಿಗೆ ಗೊತ್ತು. ಯಾರು ಯಾವ ಪುಸ್ತಕ ಒಯ್ದರು ಎಂದು ಬರೆದಿಡುವ ಇಶ್ಯೂ ರಿಜಿಸ್ಟರ್ ಮೇಜಿನ ಮೇಲೆ ತೆರೆದೇ ಇದೆ, ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು.

ಊರಿನ ಹಿರಿಯರೊಬ್ಬರು ಬಂದರು. ಮೇಲ್ವಿಚಾರಕಿಯ ಗಂಡನ ಕಡೆಯಿಂದ ದೂರದ ನೆಂಟರೂ ಹೌದು. ಕೂರಲಿಲ್ಲ, ಪತ್ರಿಕೆ ಕೈಗೆತ್ತಿಕೊಳ್ಳಲಿಲ್ಲ. ನೇರ ಮೇಜಿಗೆ ಹೋಗಿ ರಿಜಿಸ್ಟರಿನ ಹಾಳೆ ಮಗುಚಿದರು.

“ನಮ್ಮ ತಮ್ಮನ ಹೆಂಡ್ತಿ ಕಾನೂನಿನ ಪುಸ್ತಕ ಏನೋ ತಗಂಡ್ ಹೋಗವ್ಳಂತೆ. ಯಾವ್ದು, ಯಾವತ್ತು ಅಂತ ಒಸಿ ತೋರ್ಸವ್ವ.”

ಮೇಲ್ವಿಚಾರಕಿ ಬ್ರಷ್ ಕೆಳಗಿಟ್ಟು ಬಂದು ರಿಜಿಸ್ಟರ್ ಮುಚ್ಚಿದರು. “ಅಣ್ಣ, ಯಾರು ಯಾವ ಪುಸ್ತಕ ಒಯ್ದರು ಅಂತ ನಾನು ಯಾರಿಗೂ ಹೇಳಲ್ಲ. ನಾಳೆ ನೀವು ಒಯ್ದದ್ದನ್ನ ಬೇರೆಯೋರು ಬಂದು ಕೇಳಿದ್ರೂ ಇದೇ ಮಾತು.”

“ನೀನೇನು ಹೊರಗಿನೋಳಾ? ನಮ್ಮ ಮನೆ ವಿಚಾರ ಇದು.”

“ಮನೇಲಿ ನಾನು ನಿಮ್ಮೋಳೇ. ಇಲ್ಲಿ ಕೂತಾಗ ಇದು ಲೈಬ್ರರಿ ಪುಸ್ತಕ ಅಣ್ಣ. ನಿಮಗೆ ಆ ಪುಸ್ತಕ ಬೇಕಿದ್ರೆ ವಾಪಸ್ ಬಂದ ಕೂಡ್ಲೆ ನಿಮ್ಮ ಹೆಸರಿಗೆ ಎತ್ತಿಡ್ತೀನಿ.”

ಅವರು ಹೊರಟುಹೋದರು. ಸಂಜೆಯೊಳಗೆ ಒಬ್ಬ ಪಂಚಾಯಿತಿ ಸದಸ್ಯರಿಂದ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಫೋನ್ ಬಂತು: ಸರ್ಕಾರಿ ರಿಜಿಸ್ಟರನ್ನು ಜನರಿಗೆ ತೋರಿಸುವುದಿಲ್ಲ ಎನ್ನಲು ಆಕೆ ಯಾರು?

ದೂರಿನಲ್ಲಿದ್ದ ಆ ಕೊನೆಯ ಪ್ರಶ್ನೆಯೇ ಈ ಪ್ರಕರಣದ ತಿರುಳು. ಆಕೆ ಯಾರು? ಪಂಚಾಯಿತಿ ಹೇಳಿದ್ದನ್ನು ಮಾಡುವ ಸಿಬ್ಬಂದಿಯೆ, ಊರಿನ ಸೊಸೆಯೆ, ಇಲ್ಲ ಗ್ರಂಥಪಾಲಕಿಯೆ? ಮೂರೂ ಹೌದು. ಮೂರೂ ಒಂದೇ ಕಡೆ ಎಳೆಯುತ್ತಿರುವಷ್ಟು ದಿನ ಯಾರಿಗೂ ಈ ಪ್ರಶ್ನೆ ಹೊಳೆಯುವುದಿಲ್ಲ.

ಆಕೆಯ ಉತ್ತರದಲ್ಲಿ ಸರಿ ಯಾವುದು, ತಪ್ಪು ಯಾವುದು

ಹಾಳೆ ಮುಚ್ಚಿದ್ದು ಸರಿ. ಕೇಳಿದವರ ಮೇಲೆ ಅನುಮಾನ ತೋರದೆ, ‘ಯಾರಿಗೂ ಹೇಳಲ್ಲ’ ಎಂದು ನಿಯಮವನ್ನು ಎಲ್ಲರಿಗೂ ಒಂದೇ ಮಾಡಿದ್ದು ಇನ್ನೂ ಸರಿ. ‘ನಿಮಗೆ ಹೇಳಲ್ಲ’ ಎಂದಿದ್ದರೆ ಅದು ಜಗಳವಾಗುತ್ತಿತ್ತು.

ಕೊನೆಯ ಮಾತಿನಲ್ಲಿ ಮಾತ್ರ ಒಂದು ಎಡವಟ್ಟಿದೆ. ‘ವಾಪಸ್ ಬಂದ ಕೂಡ್ಲೆ’ ಎಂದಾಗ ಪುಸ್ತಕ ಹೊರಗಿದೆ ಎಂದು ಹೇಳಿದಂತಾಯಿತು. ನಗರದ ಗ್ರಂಥಾಲಯದಲ್ಲಿ ಇದರಿಂದ ಏನೂ ಆಗದು. 260 ಸದಸ್ಯರ ಊರಿನಲ್ಲಿ, ಅನುಮಾನ ಹೊತ್ತು ಬಂದವರಿಗೆ ಅಷ್ಟೇ ಸಾಕು. “ಪುಸ್ತಕ ಬೇಕಿದ್ರೆ ರ‍್ಯಾಕಲ್ಲಿ ನೋಡಿ, ಸಿಗದಿದ್ರೆ ಹೆಸರು ಬರೆಸಿ ಹೋಗಿ” ಎಂಬುದು ಇನ್ನೂ ಬಿಗಿಯಾದ ಉತ್ತರ. ಇಂಥ ಮಾತುಗಳು ಆ ಹೊತ್ತಿಗೆ ತಾವಾಗಿ ಬಾಯಿಗೆ ಬರುವುದಿಲ್ಲ, ಮೊದಲೇ ಹೇಳಿ ರೂಢಿಸಿಕೊಳ್ಳಬೇಕು.

ದೊಡ್ಡ ತಪ್ಪು ಇದ್ದದ್ದು ಮೇಲ್ವಿಚಾರಕಿಯ ಮಾತಿನಲ್ಲಲ್ಲ, ಮೇಜಿನ ಮೇಲೆ. ರಿಜಿಸ್ಟರಿನ ಅಂಕಣಗಳನ್ನು ನೋಡಿ: ದಿನಾಂಕ, ಸದಸ್ಯತ್ವ ಸಂಖ್ಯೆ, ಹೆಸರು, ಪುಸ್ತಕದ ಹೆಸರು, ಅಕ್ಸೆಷನ್ ನಂಬರ್ (ಪ್ರತಿ ಪುಸ್ತಕಕ್ಕೂ ಗ್ರಂಥಾಲಯ ಕೊಡುವ ಕ್ರಮಸಂಖ್ಯೆ), ಸಹಿ, ವಾಪಸ್ ದಿನಾಂಕ. ಒಂದು ಪುಟಕ್ಕೆ 25 ಸಾಲು. ಕೊನೆಯ ಸಾಲಿನಲ್ಲಿ ಸಹಿ ಹಾಕುವವರು ಮೇಲಿನ 24 ಮಂದಿ ಏನು ಓದುತ್ತಿದ್ದಾರೆ ಎಂಬುದನ್ನು ಓದಿಕೊಂಡೇ ಸಹಿ ಹಾಕುತ್ತಾರೆ. ಏಳು ವರ್ಷದಿಂದ ದಿನವೂ ಇದೇ ನಡೆದಿದೆ. ಆ ಹಿರಿಯರು ಕೇಳಿದ್ದು ಊರಿಗೆಲ್ಲ ಕಾಣುತ್ತಿದ್ದುದನ್ನೇ. ಬಾಯಿಂದ ‘ಹೇಳಲ್ಲ’ ಎನ್ನುವ ಗ್ರಂಥಾಲಯ ಕಾಗದದ ಮೇಲೆ ಎಲ್ಲವನ್ನೂ ಹೇಳುತ್ತಲೇ ಇತ್ತು.

ವೃತ್ತಿಯ ಮಾತು ಎಲ್ಲಿಂದ ಬರುತ್ತದೆ

ಸರ್ಟಿಫಿಕೇಟ್ ಕೋರ್ಸಿನಲ್ಲಿ ಎಲ್ಲರೂ ಕಲಿಯುವುದು ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಪಂಚಸೂತ್ರ: ಪುಸ್ತಕ ಇರುವುದು ಬಳಕೆಗೆ, ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ, ಓದುಗನ ಸಮಯ ಉಳಿಸು, ಗ್ರಂಥಾಲಯ ಬೆಳೆಯುವ ಜೀವಿ. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದು ಮರೆಯುವುದು ವಾಡಿಕೆ. ಈ ಐದರಲ್ಲಿ ಎಲ್ಲೂ ‘ಓದುಗನ ಗುಟ್ಟು ಕಾಯಿ’ ಎಂದಿಲ್ಲ. ಆದರೂ ಎರಡನೆಯ ಸೂತ್ರವನ್ನು ಈ ಊರಿನಲ್ಲಿಟ್ಟು ನೋಡಿದರೆ ಅದು ಅಲ್ಲೇ ಇದೆ. ಭಾವ ಬಂದು ರಿಜಿಸ್ಟರ್ ನೋಡುತ್ತಾರೆ ಎಂದು ಗೊತ್ತಾದ ದಿನದಿಂದ ಆ ಹೆಣ್ಣುಮಗಳು ಗ್ರಂಥಾಲಯದ ಮೆಟ್ಟಿಲು ಹತ್ತುವುದಿಲ್ಲ. ಅವಳ ಪುಸ್ತಕ ಅವಳಿಗೆ ಸಿಗುವುದಿಲ್ಲ.

ಬರಹದಲ್ಲೇ ಬೇಕೆಂದರೆ, ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಲಾ 2012ರಲ್ಲಿ ಒಪ್ಪಿದ ನೀತಿಸಂಹಿತೆಯ ಮೂರನೆಯ ಭಾಗ ಖಾಸಗಿತನ, ಗೋಪ್ಯತೆ ಮತ್ತು ಪಾರದರ್ಶಕತೆಯನ್ನು ಕುರಿತದ್ದು. ನಮ್ಮ ದೇಶದಲ್ಲಿ ಇದಕ್ಕೆ ಬಲವಾದ ಬುನಾದಿ ಸುಪ್ರೀಂ ಕೋರ್ಟಿನದು: 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕು ಎಂದು ಸಾರಿತು. ಆ ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. ಪಂಚಾಯಿತಿ ಸಭೆಯಲ್ಲಿ ಇಫ್ಲಾ ಹೆಸರು ಹೇಳಿದರೆ ಯಾರೂ ತಲೆಯೆತ್ತುವುದಿಲ್ಲ. ಈ ತೀರ್ಪಿನ ಮಾತಿಗೆ ತೂಕ ಬರುತ್ತದೆ.

‘ಸರ್ಕಾರಿ ರಿಜಿಸ್ಟರ್, ಆದ್ದರಿಂದ ತೋರಿಸಬೇಕು’ ಎಂಬ ವಾದವನ್ನೂ ಬಿಡಿಸಿ ನೋಡಬೇಕು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ದಾಖಲೆ ಪಂಚಾಯಿತಿಯದು ಎಂಬುದು ನಿಜ. ಆದರೆ ದಾಖಲೆ ಪಂಚಾಯಿತಿಯದು ಎಂದರೆ ದಾರಿಯಲ್ಲಿ ಹೋಗುವವರೆಲ್ಲರದೂ ಎಂದಲ್ಲ. ಮಾಹಿತಿ ಬೇಕಾದವರು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಕೊಡಬೇಕು, ಅದನ್ನು ತೀರ್ಮಾನಿಸುವುದು ಸಾರ್ವಜನಿಕ ಮಾಹಿತಿ ಅಧಿಕಾರಿ, ಮೇಲ್ವಿಚಾರಕಿಯಲ್ಲ. ಆ ಕಾಯ್ದೆಯ ಕಲಂ 8(1)(ಜೆ) ವೈಯಕ್ತಿಕ ಮಾಹಿತಿಗೆ ರಕ್ಷಣೆ ಕೊಟ್ಟಿದೆ. ಪೊಲೀಸರು ಕೇಳಿದರೂ ಬಾಯಿಮಾತು ಸಾಲದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 94ರಡಿ ಲಿಖಿತ ಆದೇಶ ಬರಬೇಕು, ಬಂದದ್ದನ್ನು ಪಿಡಿಒ ಮೂಲಕವೇ ಪಾಲಿಸಬೇಕು. ಕಾನೂನಿನ ಆದೇಶಕ್ಕೆ ಅಡ್ಡ ನಿಲ್ಲುವುದು ಗ್ರಂಥಪಾಲಕಿಯ ಕೆಲಸವಲ್ಲ. ಕಾನೂನಿನ ದಾರಿ ಬಿಟ್ಟು ಬಂದವರಿಗೆ ದಾರಿ ತೋರಿಸುವುದು ಅವರ ಕೆಲಸ.

ಸಭೆ

ಗ್ರಂಥಾಲಯ ಸಮಿತಿ ಸೇರಿತು. ಪಿಡಿಒ ಕೇಳಿದ ಮೊದಲ ಪ್ರಶ್ನೆ: “ಇದಕ್ಕೆ ನಿಮ್ಮಲ್ಲಿ ಲಿಖಿತ ನಿಯಮ ಇದೆಯಾ?” ಇರಲಿಲ್ಲ. ಸಣ್ಣ ಗ್ರಂಥಾಲಯಗಳು ಮುಗ್ಗರಿಸುವುದು ಇಲ್ಲೇ. ಮೌಲ್ಯ ಮನಸ್ಸಿನಲ್ಲಿದ್ದರೆ ಅದು ಆ ಒಬ್ಬರ ಹಟದಂತೆ ಕಾಣುತ್ತದೆ. ಸಮಿತಿಯ ನಡಾವಳಿಯಲ್ಲಿ ಬರೆದರೆ ಅದು ಗ್ರಂಥಾಲಯದ ಮಾತಾಗುತ್ತದೆ, ವರ್ಗವಾಗಿ ಬರುವ ಮುಂದಿನ ಪಿಡಿಒಗೂ ಸಲ್ಲುತ್ತದೆ.

ಮೇಲ್ವಿಚಾರಕಿ ಅರ್ಧ ಪುಟ ಬರೆದು ತಂದಿದ್ದರು. ಅದರ ಮುಖ್ಯ ಸಾಲುಗಳು: ಯಾವ ಸದಸ್ಯರು ಯಾವ ಪುಸ್ತಕ ಪಡೆದಿದ್ದಾರೆ ಎಂಬುದನ್ನು ಆ ಸದಸ್ಯರ ಹೊರತು ಬೇರೆ ಯಾರಿಗೂ ತಿಳಿಸತಕ್ಕದ್ದಲ್ಲ. ಪುಸ್ತಕ ಹಿಂತಿರುಗಿದ ಮೇಲೆ ಪಡೆದವರ ಹೆಸರನ್ನು ಉಳಿಸಿಕೊಳ್ಳತಕ್ಕದ್ದಲ್ಲ. ಲಿಖಿತ ಕೋರಿಕೆ ಬಂದಲ್ಲಿ ಪಿಡಿಒ ಅವರಿಗೆ ಒಪ್ಪಿಸತಕ್ಕದ್ದು.

ಎರಡು ಆಕ್ಷೇಪ ಬಂದವು. ಪುಸ್ತಕ ಕಳೆದರೆ ಯಾರನ್ನು ಹಿಡಿಯುವುದು ಎಂಬುದು ಮೊದಲನೆಯದು. ಹೆಸರು ಅಳಿಸುವುದು ಪುಸ್ತಕ ಬಂದ ಮೇಲೆ. ಬಾರದವರೆಗೆ ಯಾರು ಒಯ್ದರು ಎಂಬ ಗುರುತು ಇದ್ದೇ ಇರುತ್ತದೆ. ಹಾಗಾಗಿ ಈ ಆಕ್ಷೇಪ ಅಲ್ಲಿಗೇ ಮುಗಿಯಿತು. ಕಪಾಟಿನಿಂದ ಲೆಕ್ಕವಿಲ್ಲದೆ ಹೋಗುವ ಪುಸ್ತಕಗಳ ಬಗ್ಗೆ ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮ 215 ಒಂದು ಅಳತೆ ಕೊಡುತ್ತದೆ: ವರ್ಷದಲ್ಲಿ ಕೊಟ್ಟ ಅಥವಾ ನೋಡಿದ ಪ್ರತಿ 1,000 ಸಂಪುಟಕ್ಕೆ 5 ಹೋದರೆ, ಅಪ್ರಾಮಾಣಿಕತೆಯಾಗಲಿ ಅಲಕ್ಷ್ಯವಾಗಲಿ ಇಲ್ಲದಿದ್ದಲ್ಲಿ, ಅದು ಸಹಜ ನಷ್ಟ. ಪಂಚಾಯಿತಿಗೆ ಅದು ನೇರ ಅನ್ವಯಿಸದು, ಆದರೂ ನಷ್ಟವೆಂದರೆ ಕಳ್ಳತನವೇ ಎಂಬ ಹೆದರಿಕೆ ಬಿಡಿಸಲು ತೋರಿಸಬಹುದಾದ ಅಂಕಿ.

ಎರಡನೆಯದು ನಿಜಕ್ಕೂ ಕಷ್ಟದ್ದು. “ನಮ್ಮ ಮಕ್ಕಳು ಏನ್ ಓದ್ತಾವೆ ಅಂತ ಅಪ್ಪ-ಅಮ್ಮನಿಗೂ ಹೇಳಬಾರ್ದಾ ಮೇಡಂ?” 2020ರಲ್ಲಿ ಶುರುವಾದ ‘ಓದುವ ಬೆಳಕು’ ಅಭಿಯಾನದಿಂದ 6ರಿಂದ 18ರ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕ ಮೇಲೆ ಇಂಥ ಗ್ರಂಥಾಲಯಗಳಿಗೆ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಬರುತ್ತಿದ್ದಾರೆ. ಎಂಟು ವರ್ಷದ ಮಗುವಿಗೂ ಹದಿನೇಳರ ಹುಡುಗಿಗೂ ಒಂದೇ ನಿಯಮ ಹೊಲಿಯಲಾಗದು. ಸಮಿತಿ ಒಪ್ಪಿದ್ದು ಹೀಗೆ: ಹನ್ನೆರಡರ ಒಳಗಿನ ಮಗುವಿನ ತಂದೆ-ತಾಯಿ ಬಂದು ಕೇಳಿದರೆ ಮಗುವಿನ ಎದುರಿಗೇ ಹೇಳುವುದು. ಅದಕ್ಕೆ ಮೇಲ್ಪಟ್ಟವರದ್ದಾದರೆ ಎಷ್ಟು ಪುಸ್ತಕ ಬಾಕಿ ಇದೆ ಎಂದಷ್ಟೇ ಹೇಳುವುದು. ಪುಸ್ತಕ ಕಳೆದು ಬೆಲೆ ಕಟ್ಟಬೇಕಾದಾಗ ಮಾತ್ರ ಪುಸ್ತಕದ ಹೆಸರು. ಹನ್ನೆರಡು ಎಂಬ ಗೆರೆ ಯಾವ ಕಾನೂನಿನಲ್ಲೂ ಇಲ್ಲ. ಬೇರೆ ಊರಿನ ಸಮಿತಿ ಹತ್ತು ಎನ್ನಬಹುದು, ಹದಿನಾಲ್ಕು ಎನ್ನಬಹುದು. ಗೆರೆ ಇರುವುದು ಮತ್ತು ಅದು ಎಲ್ಲ ಮನೆಯ ಮಕ್ಕಳಿಗೂ ಒಂದೇ ಇರುವುದು ಮುಖ್ಯ.

ರಿಜಿಸ್ಟರ್ ಬಿಟ್ಟು ಬ್ರೌನ್ ಪದ್ಧತಿಗೆ

ನಿಯಮ ಬರೆದದ್ದು ಒಂದು ದಿನದ ಕೆಲಸ. ಅದನ್ನು ಮೇಜಿನ ಮೇಲೆ ತರಲು ಎರಡು ವಾರ ಹಿಡಿಯಿತು. ಆರಿಸಿಕೊಂಡದ್ದು ಬ್ರೌನ್ ಪದ್ಧತಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನೀನಾ ಬ್ರೌನ್ ಎಂಬ ಅಮೆರಿಕದ ಗ್ರಂಥಪಾಲಕಿ ರೂಪಿಸಿದ್ದು, ಕೋರ್ಸಿನಲ್ಲಿ ಎಲ್ಲರೂ ಓದಿರುತ್ತಾರೆ, ಆದರೆ ‘ಹಳೆಯದು’ ಎಂದು ಬದಿಗಿಟ್ಟಿರುತ್ತಾರೆ. ಕರೆಂಟು ದಿನಗಟ್ಟಲೆ ಹೋಗುವ ಮಳೆಗಾಲದ ಊರಿಗೆ ಇದಕ್ಕಿಂತ ಹೊಂದುವ ಪದ್ಧತಿ ಇಲ್ಲ. ಇದೇ ಕೋರ್ಸಿನಲ್ಲಿ ಬರುವ ನ್ಯೂಆರ್ಕ್ ಪದ್ಧತಿಯಲ್ಲಿ ಪುಸ್ತಕದ ಕಾರ್ಡಿನ ಮೇಲೆ ಓದುಗರ ಸಂಖ್ಯೆ ಬರೆದಿಡುವುದರಿಂದ ಗುರುತು ಉಳಿದುಬಿಡುತ್ತದೆ. ಬ್ರೌನ್‌ನಲ್ಲಿ ಏನನ್ನೂ ಬರೆಯುವುದೇ ಇಲ್ಲ.

ಕೆಲಸ ನಡೆಯುವುದು ಹೀಗೆ. ಪ್ರತಿ ಪುಸ್ತಕಕ್ಕೂ ಒಂದು ಕಾರ್ಡು: 5 ಸೆಂ.ಮೀ. ಅಗಲ, 9 ಸೆಂ.ಮೀ. ಎತ್ತರ. ಮೇಲ್ತುದಿಯಲ್ಲಿ ಅಕ್ಸೆಷನ್ ನಂಬರು, ಅದರ ಕೆಳಗೆ ವರ್ಗಸಂಖ್ಯೆ (ಪುಸ್ತಕದ ವಿಷಯ ಸೂಚಿಸುವ ಸಂಖ್ಯೆ), ಪುಸ್ತಕದ ಹೆಸರು. ಪುಸ್ತಕದ ಹಿಂಬದಿ ರಟ್ಟಿನ ಒಳಗೆ ಮೂಲೆಗೆ ಅಂಟಿಸಿದ ತ್ರಿಕೋನ ಜೇಬಿನಲ್ಲಿ ಇದು ಕೂತಿರುತ್ತದೆ. ಪ್ರತಿ ಸದಸ್ಯರಿಗೂ ಎರಡು ಟಿಕೆಟು. ಟಿಕೆಟ್ಟೆಂದರೆ 5.5 ಸೆಂ.ಮೀ. ಅಗಲ, 7.5 ಸೆಂ.ಮೀ. ಎತ್ತರದ ಸಣ್ಣ ಚೀಲ, ಮೇಲೆ ಸದಸ್ಯರ ಹೆಸರು. ಓದುಗರು ಪುಸ್ತಕ ತಂದಾಗ ಅದರ ಕಾರ್ಡು ತೆಗೆದು ಅವರ ಟಿಕೆಟ್ಟಿನ ಚೀಲಕ್ಕೆ ಇಳಿಸುವುದು. ಒಂದೂವರೆ ಸೆಂ.ಮೀ. ಮೇಲೆ ಚಾಚಿ ಅಕ್ಸೆಷನ್ ನಂಬರು ಕಾಣುತ್ತದೆ. ಪುಸ್ತಕಕ್ಕೆ ಅಂಟಿಸಿದ ದಿನಾಂಕ ಚೀಟಿಗೆ ವಾಪಸ್ ಕೊಡಬೇಕಾದ ದಿನದ ಮೊಹರು ಒತ್ತಿ, ಜೋಡಿಯನ್ನು ಟ್ರೇನಲ್ಲಿ ಅದೇ ದಿನಾಂಕ ಬರೆದ ಪಟ್ಟಿಯ ಹಿಂದೆ ನಂಬರಿನ ಸಾಲಿಗೆ ನಿಲ್ಲಿಸುವುದು. ಪುಸ್ತಕ ಬಂದಾಗ ಚೀಟಿಯ ಕೊನೆಯ ದಿನಾಂಕ ನೋಡಿ ಜೋಡಿ ಎತ್ತುವುದು, ಕಾರ್ಡು ಪುಸ್ತಕಕ್ಕೆ, ಟಿಕೆಟು ಓದುಗರ ಕೈಗೆ. ಆ ಕ್ಷಣಕ್ಕೆ ಯಾರು ಏನು ಓದಿದರು ಎಂಬ ಗುರುತು ಜಗತ್ತಿನಲ್ಲಿ ಎಲ್ಲೂ ಉಳಿಯುವುದಿಲ್ಲ.

3,200 ಪುಸ್ತಕಕ್ಕೂ ಒಮ್ಮೆಲೇ ಕಾರ್ಡು ಮಾಡಹೊರಟರೆ ಕೆಲಸ ನಡುವೆ ನಿಲ್ಲುತ್ತದೆ. ಹಿಂದಿನ ಎರಡು ವರ್ಷದಲ್ಲಿ ಹೊರಗೆ ಹೋದ 1,100 ಪುಸ್ತಕ ಮೊದಲು. ಒಂದು ಎ4 ಹಾಳೆಗೆ 12 ಕಾರ್ಡು, ಆದ್ದರಿಂದ 92 ಹಾಳೆ. 260 ಸದಸ್ಯರಿಗೆ 520 ಚೀಲ, ಹಾಳೆಗೆ ನಾಲ್ಕರಂತೆ 130. ಹಾಳಾಗುವುದನ್ನೂ ಸೇರಿಸಿ 250 ಹಾಳೆ ತಂದರೆ ಸಾಕು. ಗಂಟೆಗೆ 40 ಪುಸ್ತಕ, ದಿನಕ್ಕೆ ಎರಡು ಗಂಟೆ ಎಂದರೆ 14 ದಿನ. ಉಳಿದ ಪುಸ್ತಕಕ್ಕೆ, ಯಾರಾದರೂ ಕೇಳಿದ ದಿನ ಅಲ್ಲೇ ಕಾರ್ಡು ಬರೆಯುವುದು.

ಎಡವುವುದು ಎಲ್ಲಿ? ಎಲ್ಲಕ್ಕಿಂತ ಹೆಚ್ಚು ಕಾಡುವುದು, ಜನ ಗುಂಪಾಗಿ ಬಂದಾಗ ಪುಸ್ತಕ ತೆಗೆದುಕೊಂಡು, ಕಾರ್ಡು ಹುಡುಕದೆ ರ‍್ಯಾಕಿಗೆ ಇಟ್ಟುಬಿಡುವುದು. ಆಗ ಪುಸ್ತಕ ಒಳಗಿದೆ, ಟಿಕೆಟು ಟ್ರೇನಲ್ಲಿ ಸಿಕ್ಕಿಕೊಂಡಿದೆ, ಓದುಗರು ಸುಮ್ಮನೆ ಬಾಕಿದಾರರಾಗುತ್ತಾರೆ. ಇದಕ್ಕೆ ಮದ್ದು ಒಂದು ಬುಟ್ಟಿ: ಕಾರ್ಡು ಸೇರದ ಪುಸ್ತಕ ಬುಟ್ಟಿಯಲ್ಲೇ ಇರಬೇಕು, ರ‍್ಯಾಕು ಮುಟ್ಟಬಾರದು. ಇನ್ನೊಂದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆಳು ಕಾರ್ಡು ತೇವ ಹೀರಿ ಸುರುಳಿಯಾಗುತ್ತದೆ, ಚೀಲಕ್ಕೆ ಅಂಟುತ್ತದೆ. 250 ಜಿಎಸ್‌ಎಂಗಿಂತ (ಚದರ ಮೀಟರಿಗೆ 250 ಗ್ರಾಂ ತೂಕ) ಕಡಿಮೆಯ ಕಾಗದ ಬೇಡ. ಟ್ರೇ ಮುಚ್ಚಳವಿರುವ ಡಬ್ಬದಲ್ಲಿರಲಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಿಸಿಲು ಬಂದಾಗ ಅದನ್ನು ಒಣಗಿಸಿ. ಮಕ್ಕಳು ಟಿಕೆಟು ಅದಲುಬದಲು ಮಾಡಿಕೊಳ್ಳುವುದು ಇದ್ದೇ ಇರುತ್ತದೆ. ಟಿಕೆಟನ್ನು ಮನೆಗೆ ಕೊಡದೆ ಗ್ರಂಥಾಲಯದಲ್ಲೇ ಅಕ್ಷರಾನುಕ್ರಮದಲ್ಲಿ ಇಟ್ಟರೆ ಅರ್ಧ ತೊಂದರೆ ಕಳೆಯಿತು.

ಒಂದು ಮಿತಿ ಇದೆ, ಅದನ್ನು ಮುಚ್ಚಿಡಬಾರದು. ಪುಸ್ತಕ ಹೊರಗಿರುವ ಹದಿನೈದು ದಿನ ಟ್ರೇ ನೋಡಿದವರಿಗೆ ಎಲ್ಲ ತಿಳಿಯುತ್ತದೆ. ಆದ್ದರಿಂದ ಟ್ರೇ ಮೇಜಿನ ಮೇಲಲ್ಲ, ಬೀಗವಿರುವ ಡ್ರಾಯರಿನಲ್ಲಿ.

ಲೆಕ್ಕಪರಿಶೋಧನೆಗೆ ಹೆಸರು ಬೇಕಿಲ್ಲ, ಸಂಖ್ಯೆ ಬೇಕು. ಸಂಜೆ ಜೋಡಿಗಳನ್ನು ಟ್ರೇಗೆ ಸೇರಿಸುವ ಮೊದಲು ವರ್ಗಸಂಖ್ಯೆಯ ಪ್ರಕಾರ ಎಣಿಸಿ ಒಂದು ಹಾಳೆಯಲ್ಲಿ ಬರೆದರಾಯಿತು: 894.814ರ ಕನ್ನಡ ಸಾಹಿತ್ಯ ಇಷ್ಟು, 630ರ ಕೃಷಿ ಇಷ್ಟು, 340ರ ಕಾನೂನು ಇಷ್ಟು. ಪುಸ್ತಕ ಎಷ್ಟು ಸಲ ಹೋಗಿದೆ ಎಂಬುದನ್ನು ದಿನಾಂಕ ಚೀಟಿಯೇ ಹೇಳುತ್ತದೆ, ಹೊಸದು ಕೊಳ್ಳಲು ಹಳೆಯದು ತೆಗೆಯಲು ಅಷ್ಟು ಸಾಕು. ಮುಂದೆ ಕೋಹಾದಂಥ ಗ್ರಂಥಾಲಯ ತಂತ್ರಾಂಶ ಬಂದಾಗಲೂ ಇದೇ ಎಚ್ಚರ ಬೇಕು. ಹಿಂತಿರುಗಿದ ಪುಸ್ತಕದ ಚರಿತ್ರೆಯಿಂದ ಹೆಸರು ಕಳಚುವ ಸೌಲಭ್ಯ ಅದರಲ್ಲಿದೆ, ಆದರೆ ಅದನ್ನು ನಾವೇ ಚಾಲೂ ಮಾಡಿಕೊಳ್ಳಬೇಕು.

ರಿಜಿಸ್ಟರಿನ ಆಚೆಗೆ ಸೋರುವ ಜಾಗಗಳು

ಬಾಕಿ ಪುಸ್ತಕದ ನೆನಪೋಲೆ ಊರಿನ ವಾಟ್ಸಾಪ್ ಗುಂಪಿನಲ್ಲಿ ಹೋಗುತ್ತಿತ್ತು, ಹೆಸರು ಮತ್ತು ಪುಸ್ತಕದ ಹೆಸರು ಎರಡೂ ಸೇರಿ. ಈಗ ಒಬ್ಬೊಬ್ಬರಿಗೇ, “ನಿಮ್ಮ ಹೆಸರಿನಲ್ಲಿರುವ 1 ಪುಸ್ತಕದ ಅವಧಿ ಮುಗಿದಿದೆ” ಎಂದಷ್ಟೇ. ತೋಟದ ಕೂಲಿಗಾರರ ಲೈನ್ ಮನೆಗಳಲ್ಲಿ ಒಂದು ಮನೆಗೆ ಒಂದೇ ಫೋನ್ ಇರುವುದುಂಟು. ಹಾಗಾಗಿ ಸದಸ್ಯತ್ವ ಕೊಡುವಾಗಲೇ ‘ಈ ನಂಬರಿಗೆ ಫೋನ್ ಮಾಡಬಹುದಾ’ ಎಂದು ಕೇಳಿ ಬರೆದುಕೊಳ್ಳಬೇಕು. ‘ಬೇಡ’ ಎಂದವರಿಗೆ ಮಾಡಬಾರದು.

ಕಾನೂನು, ಆರೋಗ್ಯದ ಪುಸ್ತಕಗಳು ಬಾಗಿಲ ಎದುರಿನ ರ‍್ಯಾಕಿನಲ್ಲಿದ್ದವು. ಅಲ್ಲಿ ನಿಂತರೆ ಬಸ್‌ಸ್ಟಾಪಿಗೇ ಕಾಣುತ್ತದೆ. ಅವನ್ನು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಪಕ್ಕಕ್ಕೆ ಸರಿಸಿದರು. ಅಲ್ಲಿ ಯಾರು ನಿಂತರೂ ಯಾರೂ ಕಾರಣ ಹುಡುಕುವುದಿಲ್ಲ. ಹೆಚ್ಚು ಬೇಡಿಕೆಯ ಕಾನೂನು ಪುಸ್ತಕಗಳಿಗೆ ಎರಡು ಪ್ರತಿ ತರಿಸಿ, ಒಂದನ್ನು ಹೊರಗೆ ಕೊಡದೆ ಇಲ್ಲೇ ಓದಲು ಇಟ್ಟರು. ಕೂತು ಓದಿದ್ದಕ್ಕೆ ಯಾವ ಚೀಟಿಯೂ ಇಲ್ಲ.

ಆ ಹೆಣ್ಣುಮಗಳ ಕಷ್ಟವೇನು ಎಂದು ಮೇಲ್ವಿಚಾರಕಿ ಕೇಳಲಿಲ್ಲ. ಕೇಳದಿದ್ದದ್ದು ಸರಿ. ಗ್ರಂಥಪಾಲಕಿ ಆಪ್ತ ಸಮಾಲೋಚಕಿಯಲ್ಲ, ಪಂಚಾಯಿತಿ ಕೂಡಿಸುವವಳಲ್ಲ. ಆದರೆ ಮಾಹಿತಿ ಸಿಗುವಂತೆ ಇಡುವುದು ಅವರದೇ ಕೆಲಸ. ಎಲ್ಲರೂ ನೋಡುವ ಸೂಚನಾ ಫಲಕದಲ್ಲಿ, ಬಸ್ ವೇಳಾಪಟ್ಟಿ ಮತ್ತು ಕಾಳುಮೆಣಸಿನ ದರದ ನಡುವೆ, ಮೂರು ಸಾಲು ಸೇರಿಸಿದರು: ಮಹಿಳಾ ಸಹಾಯವಾಣಿ 181. ಉಚಿತ ಕಾನೂನು ನೆರವಿಗೆ 15100, ಹೆಂಗಸರಿಗೆ ಆದಾಯದ ಮಿತಿಯಿಲ್ಲ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿ, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ. ಓದುವವರು ಬಸ್ಸಿನ ಸಮಯ ನೋಡುತ್ತಿದ್ದಾರೋ ಇದನ್ನು ನೋಡುತ್ತಿದ್ದಾರೋ ಹೊರಗಿನವರಿಗೆ ತಿಳಿಯದು.

ಇದೇ ತಿಂಗಳುಗಳಲ್ಲಿ ಇನ್ನೆರಡು ಪ್ರಸಂಗ ಬಂದವು. ಒಬ್ಬ ದಾನಿ ತಾವು ಕೊಟ್ಟ ನಲವತ್ತು ಪುಸ್ತಕಗಳು ಎದುರಿನ ರ‍್ಯಾಕಿನಲ್ಲೇ ಇರಬೇಕೆಂದರು, ಸ್ವಸಹಾಯ ಸಂಘದ ಸಭೆಗೆ ಓದುವ ಹೊತ್ತಿನಲ್ಲೇ ಕೋಣೆ ಬೇಕೆಂದು ಇನ್ನೊಬ್ಬರು. ಎರಡಕ್ಕೂ ನಡಾವಳಿ ಪುಸ್ತಕ ತೆರೆದು ಉತ್ತರ ಕೊಡಲಾಯಿತು. ಒಮ್ಮೆ ಬರೆದ ಮೇಲೆ ಹೀಗೆ ಸುಲಭವಾಗುತ್ತದೆ.

ಹಳೆಯ ರಿಜಿಸ್ಟರುಗಳು

ಕಾನೂನಿನ ಆ ಪುಸ್ತಕ ಒಂಬತ್ತನೆಯ ದಿನ ವಾಪಸ್ ಬಂತು, ರೇಷನ್ ಚೀಲದಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ಆಗಿನ್ನೂ ಹಳೆಯ ಪದ್ಧತಿಯೇ ಇತ್ತು. ವಾಪಸ್ ದಿನಾಂಕ ಬರೆದು ಗೆರೆ ಎಳೆದರು. ಗೆರೆಯ ಕೆಳಗೆ ಹೆಸರೂ ಪುಸ್ತಕದ ಹೆಸರೂ ಸ್ಪಷ್ಟವಾಗಿ ಓದಲು ಬರುತ್ತದೆ.

ಏಳು ವರ್ಷಕ್ಕೆ ಏಳು ರಿಜಿಸ್ಟರ್. ಅವು ಕಚೇರಿಯ ದಾಖಲೆ, ಮೇಲ್ವಿಚಾರಕಿ ತಮ್ಮಷ್ಟಕ್ಕೆ ಹರಿಯುವಂತಿಲ್ಲ, ಸುಡುವಂತಿಲ್ಲ. ಹಾಗೆ ಮಾಡಿದರೆ ನಿಯಮ ಕಾಯುವವರೇ ನಿಯಮ ಮುರಿದಂತೆ. ಲೆಕ್ಕಪರಿಶೋಧನೆ ಮುಗಿದ ವರ್ಷಗಳ ಎರವಲು ರಿಜಿಸ್ಟರುಗಳನ್ನು ವಿಲೇವಾರಿ ಮಾಡಲು ಅನುಮತಿ ಕೋರಿ ಪಿಡಿಒಗೆ ಪತ್ರ ಬರೆದು ಸ್ವೀಕೃತಿ ಪಡೆದಿದ್ದಾರೆ. ಉತ್ತರ ಬರುವವರೆಗೆ ಏಳೂ ಗೋದ್ರೆಜ್ ಬೀರುವಿನ ಮೇಲಿನ ಅಂಕಣದಲ್ಲಿವೆ. ಬೀಗದ ಕೈ ಒಂದೇ, ಅದು ಮೇಲ್ವಿಚಾರಕಿಯ ಹತ್ತಿರ ಇದೆ.